ತೊಕಿವಾ ಶೂಗೊನ ಕೊನೆಯ ಸುತ್ತು

ತೊಕಿವಾ ಶೂಗೊ ಆಟ ಬಿಡುತ್ತಾನೆಂಬ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ನಾನು ಎಲೆಕೋಸು ಹೆಚ್ಚುತ್ತಿದ್ದೆ. ಸೆಪ್ಟೆಂಬರಿನ ಮೊದಲ ವಾರ. ಮೊದಲ ಪುಟದಲ್ಲೇ ಹಾಕಿದ್ದರು. ಚೆಂಡೆಸೆಯಲು ಎಡಗಾಲೆತ್ತಿ ನಿಂತ ಅದೇ ಹಳೆಯ ಚಿತ್ರ. ಓದುತ್ತ ಓದುತ್ತ ಕಣ್ಣು ಮಂಜಾಗಿ ಬೆರಳು ಕೊಯ್ದುಕೊಂಡೆ.

ಎಲೆಕೋಸು, ಮೊಟ್ಟೆ ಹಾಕಿ ದಪ್ಪ ದೋಸೆಯಂತೆ ಹುಯ್ಯುವ ಒಕೊನೊಮಿಯಾಕಿಯ ನನ್ನ ಅಂಗಡಿ ಇರುವುದು ಕುರೆಹಾಮ ಕ್ರೀಡಾಂಗಣದ ಹಿಂದಿನ ಬೀದಿಯಲ್ಲಿ. ಒಂದು ಉದ್ದನೆಯ ಕಾವಲಿ, ಅದರ ಮುಂದೆ ಹನ್ನೊಂದು ಕುರ್ಚಿ, ಅಷ್ಟೇ. ತೊಕಿವಾ ಆಡುವ ಹೆರಾನ್ಸ್ ಬೇಸ್‌ಬಾಲ್ ತಂಡದ ಬೆಂಬಲಿಗರ ದಳ ಸೇರುವುದು ಇಲ್ಲೇ. ಬಲಬದಿಯ ಗ್ಯಾಲರಿಯಲ್ಲಿ ಬಾವುಟ, ಡೋಲು, ಟ್ರಂಪೆಟ್ ಹಿಡಿದು ಇಡೀ ಆಟ ನಿಂತೇ ಕೂಗುವ ಮೂವತ್ತು ಮೂವತ್ತೈದು ಜನ ನಾವು. ನಾನು ಟ್ರಂಪೆಟ್ ಊದುವವಳು. ಶಾಲೆಯ ಬ್ಯಾಂಡಿನಲ್ಲಿ ಕಲಿತಿದ್ದೆ. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಕೂತು ಅಳುವುದಕ್ಕಿಂತ ಗ್ಯಾಲರಿಯಲ್ಲಿ ನಿಂತು ಊದುವುದು ಮೇಲೆಂದು ಹೋದವಳು ಇಪ್ಪತ್ತೆರಡು ವರ್ಷ ಅಲ್ಲೇ ಇದ್ದೆ. ನಮ್ಮಲ್ಲಿ ಪ್ರತಿ ಆಟಗಾರನಿಗೂ ಒಂದೊಂದು ಹಾಡಿದೆ. ಮೊದಲು ನನ್ನ ಟ್ರಂಪೆಟ್ಟು, ಆಮೇಲೆ ಡೋಲು, ಆಮೇಲೆ ಜನ. ನಾನು ಎತ್ತಿಕೊಡದೆ ಹಾಡು ಏಳುತ್ತಿರಲಿಲ್ಲ.

ಡೋಲು ಒಕಿತ್ಸು ಕೆಂಗೊನದು. ದಳದ ನಾಯಕನೂ ಅವನೇ. ಹಡಗು ಕಟ್ಟುವ ಅಂಗಳದಲ್ಲಿ ವೆಲ್ಡಿಂಗ್ ಕೆಲಸ. ಗಡ್ಡ, ಗೂಳಿಯಂಥ ಮೈ, ನಲವತ್ತೊಂದು ವಯಸ್ಸು, ಮದುವೆಯಿಲ್ಲ. ಅಂಗಡಿಯಲ್ಲಿ ಕೂತರೆ ನಾಲ್ಕು ಮಾತು ಆಡಿದರೆ ಹೆಚ್ಚು, ಗ್ಯಾಲರಿಯಲ್ಲಿ ಬಾಯಿ ತೆರೆದರೆ ಹಡಗಿನ ಸೈರನ್ನು. ಹತ್ತೊಂಬತ್ತು ವರ್ಷದ ಹಿಂದೆ ಬಂದವನು ಒಂದು ಆಟವನ್ನೂ ತಪ್ಪಿಸಿದವನಲ್ಲ. ಒಂದೇ ವಿಚಿತ್ರವೆಂದರೆ, ವರ್ಷದ ಕೊನೆಗೆ ಆಟಗಾರರು ದಳದವರ ಜೊತೆ ಊಟಕ್ಕೆ ಕೂರುವ ದಿನ ಅವನು ಬರುತ್ತಲೇ ಇರಲಿಲ್ಲ. “ಹತ್ರ ಹೋದ್ರೆ ಆಟ ನೋಡೋ ಕಣ್ಣು ಹಾಳಾಗುತ್ತೆ ಅಕ್ಕಾ” ಎನ್ನುತ್ತಿದ್ದ. ಎಂಥ ಗಟ್ಟಿ ಮನುಷ್ಯ ಎಂದು ನಾವು ಹೊಗಳುತ್ತಿದ್ದೆವು.

ಆ ಮಧ್ಯಾಹ್ನ ಅಂಗಡಿ ತುಂಬ ಸಾವಿನ ಮನೆಯ ಕಳೆ. ಬಾವುಟ ಹಿಡಿಯುವ ಹಮಾನೊ ಮುದುಕ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಕೆಂಗೊ ಮಾತ್ರ ತಟ್ಟೆಗೆ ಬಗ್ಗಿ ತಿನ್ನುತ್ತಿದ್ದ.

“ಏನೋ, ನಿನ್ನ ಎದೇಲಿ ಕಲ್ಲಿದೆಯಾ? ತೊಕಿವಾ ಹೋಗ್ತಿದಾನೆ ಕಣೋ!” ಎಂದೆ.

“ಹೋಗ್ಲಿ ಬಿಡಕ್ಕ. ಇನ್ನೊಂದು ಹಾಕು. ಎರಡು ಮೊಟ್ಟೆ.”

ಹಮಾನೊ ಪತ್ರಿಕೆ ಎತ್ತಿಕೊಂಡು ಎಲ್ಲರಿಗೂ ಕೇಳುವ ಹಾಗೆ ಓದತೊಡಗಿದ. ತೊಕಿವಾ ಪ್ರತಿ ಸಂದರ್ಶನದಲ್ಲೂ ಹೇಳುತ್ತಿದ್ದ ಮಾತು ಅದು, ಊರಿಗೆಲ್ಲ ಬಾಯಿಪಾಠ. ‘ಹದಿನೇಳನೇ ವಯಸ್ಸಿನಲ್ಲಿ ನಾನೆಸೆದ ಚೆಂಡು ಹಿಡಿಯುವ ಜೊತೆಯ ಕ್ಯಾಚರ್ ದಾರಿ ತಪ್ಪಿದ. ಚಿಕ್ಕ ಹುಡುಗನೊಬ್ಬನನ್ನು ಹೊಡೆದು ಅವನ ಕಿವಿ ಹಾಳು ಮಾಡಿದ. ಶಾಲೆಯ ತಂಡದಿಂದ ಅವನನ್ನು ತೆಗೆದುಹಾಕಿದರು. ಅಂದಿನಿಂದ ನಾನು ಎಸೆದ ಪ್ರತಿ ಚೆಂಡನ್ನೂ ಅವನ ಪಾಲಿನದನ್ನೂ ಸೇರಿಸಿ ಎಸೆದಿದ್ದೇನೆ. ಸಿಟ್ಟು ಬಂದಾಗಲೆಲ್ಲ ಅವನನ್ನು ನೆನೆದು ಸಿಟ್ಟು ನುಂಗಿದ್ದೇನೆ.’

ನಾನು ಪ್ರತಿ ಸಲದಂತೆ ಕಣ್ಣೊರೆಸಿಕೊಂಡು ಪ್ರತಿ ಸಲದಂತೆ ಶಪಿಸಿದೆ. “ಆ ಪಾಪಿ ಕ್ಯಾಚರ್‌ನ ಕೈ ಸೇದಿಹೋಗ! ಇಂಥ ಬಂಗಾರದಂಥ ಹುಡುಗನ ಪಕ್ಕ ಎಂಥ ರಾಕ್ಷಸ ಇದ್ದ ನೋಡು.”

ಕೆಂಗೊ ತಿನ್ನುವ ಕಡ್ಡಿಗಳನ್ನು ಕೆಳಗಿಟ್ಟ. ಎಲ್ಲರೂ ಎದ್ದು ಹೋಗುವ ತನಕ ಹಾಗೇ ಕೂತಿದ್ದ. ನಾನು ಕಾವಲಿ ಕೆರೆದು ಬಾಗಿಲು ಮುಂದೆ ಮಾಡಲು ಹೊರಟಾಗ ಹೇಳಿದ.

“ಅಕ್ಕಾ, ಆ ಕ್ಯಾಚರ್ ನಾನೇ.”

ತಮಾಷೆಯೆಂದುಕೊಂಡೆ. ಅವನ ಮುಖ ನೋಡಿ ಬಾಗಿಲು ಬಿಟ್ಟು ಹಿಂದೆ ಬಂದೆ.

“ಆದ್ರೆ ನಾನು ಹೊಡೀಲಿಲ್ಲ” ಎಂದ.

ಅವನು ಹೇಳಿದ್ದು ಇಷ್ಟು. ಆ ಬೇಸಿಗೆ ಕುರೆಹಾಮದ ಅವರ ಶಾಲೆ ಮೊದಲ ಸಲ ರಾಷ್ಟ್ರೀಯ ಪಂದ್ಯಾವಳಿಗೆ ಹೋಗುವುದಿತ್ತು. ಹತ್ತು ದಿನ ಮುಂಚೆ ತೊಕಿವಾ ಕುವಾಬಾರನೆಂಬ ಮೊದಲ ವರ್ಷದ ಹುಡುಗನಿಗೆ ಬ್ಯಾಟಿನಿಂದ ಕಿವಿಯ ಮೇಲೆ ಹೊಡೆದ. ಹುಡುಗನ ಕಿವಿಯಿಂದ ರಕ್ತ. ವಿಷಯ ಹೊರಬಿದ್ದರೆ ಇಡೀ ತಂಡವನ್ನೇ ಪಂದ್ಯಾವಳಿಯಿಂದ ಹೊರಗಿಡುತ್ತಿದ್ದರು. ತಾನಾಗಿ ಒಪ್ಪಿಕೊಂಡ ಒಬ್ಬನನ್ನು ತೆಗೆದುಹಾಕಿದರೆ ಮಾತ್ರ ತಂಡ ಉಳಿಯುತ್ತಿತ್ತು. ತೊಕಿವಾ ಇಲ್ಲದೆ ತಂಡವೇ ಇಲ್ಲ. ತರಬೇತುದಾರ ಕೆಂಗೊನನ್ನು ಕರೆದ. ತೊಕಿವಾ ಪಕ್ಕದಲ್ಲೇ ಇದ್ದ.

“ಏನಂದ ಅವನು?”

“ಕ್ಯಾಚರ್ ಅಂದ್ರೆ ಚೆಂಡೆಸೆಯೋ ಪಿಚರ್‌ನ ಹೆಂಡ್ತಿ ಇದ್ದ ಹಾಗೆ ಅಲ್ವಾ ಅಂದ. ಒಂದೇ ವರ್ಷ ತಡ್ಕೊ, ದೊಡ್ಡ ತಂಡಕ್ಕೆ ಸೇರಿದ ದಿನವೇ ಎಲ್ಲರ ಮುಂದೆ ನಿಜ ಹೇಳ್ತೀನಿ, ನಿನ್ನನ್ನೂ ಕರ್ಕೊಂಡು ಹೋಗ್ತೀನಿ ಅಂದ. ಅತ್ತಿದ್ದ ಅಕ್ಕಾ. ನಿಜವಾಗ್ಲೂ ಅತ್ತಿದ್ದ. ನಾನು ಹೂಂ ಅಂದೆ. ಆಗ ಹದಿನೇಳು ವರ್ಷ ನಂಗೆ.”

“ಆಮೇಲೆ?”

“ಅವನು ಹೆರಾನ್ಸ್ ಸೇರಿದ ದಿನ ಫೋನ್ ಮಾಡ್ದೆ. ‘ಯಾವ ನಿಜ?’ ಅಂತ ಕೇಳ್ದ. ಅಷ್ಟೇ. ಇಟ್ಬಿಟ್ಟ.”

ಕೆಂಗೊನ ತಂದೆ ದೋಣಿ ನಡೆಸುತ್ತಿದ್ದವರು. ಮಗ ಮಾಡಿದ್ದಕ್ಕೆ ಕುವಾಬಾರನ ಮನೆ ಬಾಗಿಲಿಗೆ ಹೋಗಿ ಮೂರು ದಿನ ನಿಂತು ಕ್ಷಮೆ ಕೇಳಿದ್ದರಂತೆ. ಮನೆಯವರು ಬಾಗಿಲು ತೆರೆಯಲಿಲ್ಲ. ಆಮೇಲೆ ಕೆಂಗೊನ ಮನೆಯವರು ಊರೇ ಬಿಟ್ಟರು. ಕೊಟ್ಟ ಮಾತು ಮುರಿಯಬಾರದೆಂದು ಕೆಂಗೊ ಮನೆಯಲ್ಲೂ ಬಾಯಿ ಬಿಟ್ಟಿರಲಿಲ್ಲ. ಬಾಯಿ ಬಿಡಬೇಕು ಎಂದು ಅವನಿಗೆ ಅನಿಸುವ ಹೊತ್ತಿಗೆ ತಂದೆ ಇರಲಿಲ್ಲ. “ಸಾಯೋವರೆಗೂ ನಾನೇ ಹೊಡೆದೆ ಅಂತ ನಂಬ್ಕೊಂಡೇ ಹೋದ್ರು” ಎಂದ.

ತಾಯಿಯ ಕಡೆಯ ಹೆಸರಿಟ್ಟುಕೊಂಡು ಇಪ್ಪತ್ತೆರಡನೇ ವಯಸ್ಸಿಗೆ ವಾಪಸ್ ಬಂದ. ತೊಕಿವಾ ಎಸೆಯುವಾಗ ಬೈಯಬೇಕೆಂದೇ ಬಲಬದಿಯ ಗ್ಯಾಲರಿಗೆ ಬಂದು ನಿಂತವನು. ದನಿ ಕೇಳಿ ಹಿಂದಿನ ನಾಯಕ ಡೋಲು ಕೈಗಿತ್ತ. ಬೈಗುಳ ಗಾಳಿಗೆ ಹೋಗುತ್ತದೆ, ಡೋಲು ಹಿಡಿದವನ ಮಾತು ಒಂದು ದಿನ ಇಡೀ ಮೈದಾನ ಕೇಳುತ್ತದೆ ಎಂದು ಅವನಿಗೆ ಹೊಳೆದದ್ದು ಆಗ. ಆಟ ಬಿಡುವ ಪಿಚರ್ ಮೈದಾನದ ಸುತ್ತ ನಡೆದು ಎಲ್ಲರಿಗೂ ತಲೆಬಾಗಿ ಹೋಗುತ್ತಾನೆ. ನಮ್ಮ ಮುಂದೆ ಬಂದಾಗ ನಿಲ್ಲಲೇಬೇಕು.

“ಆ ದಿನಕ್ಕೆ ಕಾಯ್ತಿದೀನಿ” ಎಂದ. “ಬೈಯಲ್ಲ, ಗಲಾಟೆ ಮಾಡಲ್ಲ. ಕೈಮೈಕಿನಲ್ಲಿ ಒಂದೇ ಪ್ರಶ್ನೆ ಕೇಳ್ತೀನಿ. ಹೊಡೆದೋರು ಯಾರು ಅಂತ.”

ಅವನು ಹೋದ ಮೇಲೆ ಅವನ ತಟ್ಟೆ ಎತ್ತಿಕೊಂಡೆ. ಎಷ್ಟು ಸಲ ಅವನೆದುರಿಗೇ ಅವನ ಕೈ ಸೇದಿಹೋಗಲಿ ಎಂದಿದ್ದೆ! ಆ ಕೈಗೇ ತಟ್ಟೆ ಕೊಡುತ್ತ ಹಾಗೆಂದಿದ್ದೆ. ಅವನು ತಿಂದು, ಚೆನ್ನಾಗಿತ್ತಕ್ಕ ಎಂದು ಹೋಗುತ್ತಿದ್ದ.

ಆದರೂ ಎರಡು ದಿನ ನಂಬಿಕೆ ಬರಲಿಲ್ಲ. ಇಪ್ಪತ್ತೆರಡು ವರ್ಷ ಪ್ರೀತಿಸಿದವನನ್ನು ಒಂದು ಮಧ್ಯಾಹ್ನದಲ್ಲಿ ಕಿತ್ತೆಸೆಯುವುದು ಹೇಗೆ? ಮೂರನೆಯ ದಿನ ಅಂಗಡಿ ಮುಚ್ಚಿ, ದೋಣಿ ಹಿಡಿದು, ಎದುರಿನ ದ್ವೀಪಕ್ಕೆ ಹೋದೆ. ಕುವಾಬಾರ ಅಲ್ಲಿ ಸಿಂಪಿ ಬಿಡಿಸುವ ಶೆಡ್ಡಿನಲ್ಲಿ ಮೇಸ್ತ್ರಿ ಎಂದು ಹಮಾನೊನ ತಂಗಿಯಿಂದ ತಿಳಿದುಕೊಂಡಿದ್ದೆ.

ತೆಳ್ಳಗಿನ ಮನುಷ್ಯ, ರಬ್ಬರ್ ಬೂಟು. ನಾನು ಮಾತಾಡಿಸಿದಾಗ ಬಲಕಿವಿ ನನ್ನತ್ತ ತಿರುಗಿಸಿದ. ಎಡಕಿವಿ ಕೇಳಿಸದು ಎಂದು ಆಗಲೇ ತಿಳಿಯಿತು.

“ಯಾರು ಹೊಡೆದ್ರು ಅಂತ ಕೇಳೋಕೆ ಬಂದಿದೀನಿ” ಎಂದೆ ನೇರವಾಗಿ.

ಬಹಳ ಹೊತ್ತು ಚಾಕುವಿನಿಂದ ಸಿಂಪಿ ಬಿಡಿಸುತ್ತಲೇ ಇದ್ದ. “ಇದನ್ನ ಯಾರೂ ಕೇಳ್ಲೇ ಇಲ್ಲ ಅಮ್ಮಾ” ಎಂದ ಆಮೇಲೆ. “ಹೊಡೆದೋರು ಇಂಥೋರು ಅಂತ ಅವರೇ ಬಂದು ನಂಗೆ ಹೇಳಿದ್ರು. ನೀನು ಹೌದು ಅಂದ್ರೆ ಸಾಕು ಅಂದ್ರು. ಹೌದು ಅಂದೆ.”

“ಹಾಗಾದ್ರೆ?”

“ತೊಕಿವಾ. ನಾನು ಅವನ ಶೂ ಒಣಗಿಸೋಕೆ ಮರ್ತಿದ್ದೆ. ಅದಕ್ಕೆ.”

“ಶೂಗೆ?”

“ಒದ್ದೆ ಇತ್ತು” ಎಂದ, ಈಗಲೂ ತಪ್ಪು ತನ್ನದೇ ಎನ್ನುವ ಹಾಗೆ. ಆಮೇಲೆ ಚಾಕು ಒರೆಸಿ, “ಮಾರನೇ ವರ್ಷ ನಂಗೆ ತಂಡದಲ್ಲಿ ಜಾಗ ಸಿಕ್ತು. ಬಾಯಿ ಮುಚ್ಕೊಂಡಿದ್ದಕ್ಕೆ. ಚೆನ್ನಾಗೇ ಆಡ್ದೆ. ಕೆಂಗೊ ಅಣ್ಣನ ತಂದೆ ನಮ್ಮ ಬಾಗಿಲ ಹೊರಗೆ ನಿಂತಿದ್ದಾಗ ನಾನು ಒಳಗೆ ಹೊದ್ಕೊಂಡು ಮಲ್ಗಿದ್ದೆ. ಅವರ ಕೆಮ್ಮು ಕೇಳ್ತಿತ್ತು. ಒಂದು ಕಿವಿ ಚೆನ್ನಾಗಿತ್ತಲ್ಲ” ಎಂದ.

ನನ್ನೊಳಗೆ ಏನೋ ಸುಟ್ಟುಹೋಯಿತು ಎಂದರೆ ಅದು ಆಗಲೇ. ಅಳು ಬರಲಿಲ್ಲ. ತೊಕಿವಾನ ಗೆಲುವಿಗೆಂದು ದೇವಸ್ಥಾನದ ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತಿದವಳು ನಾನು. ಅವನ ಭುಜದ ಆಪರೇಷನ್ನಿಗೆ ಒಂದು ತಿಂಗಳು ಸಿಹಿ ಬಿಟ್ಟವಳು. ಕೆಂಗೊ ಒಂದೇ ಪ್ರಶ್ನೆ ಸಾಕೆಂದಿದ್ದ. ನನಗೆ ಸಾಲಲಿಲ್ಲ.

“ಬೀಳ್ಕೊಡುಗೆ ದಿನ ಅಭಿಮಾನಿಗಳ ಪರವಾಗಿ ಒಬ್ರು ಮೈದಾನಕ್ಕಿಳಿದು ಅವನ ಕೈಗೆ ಹೂ ಕೊಡ್ಬೇಕು” ಎಂದೆ. “ಯಾರು ಹೋಗ್ಬೇಕು ಅಂತ ಚೀಟಿ ಬರೆದು ಕಳ್ಸೋದು ನಾನು. ನೀವು ಬರ್ತೀರಾ?”

ಸಿಂಪಿಯ ಚಿಪ್ಪುಗಳ ರಾಶಿಯನ್ನೇ ನೋಡುತ್ತ ನಿಂತ. “ಮಾತಾಡಲ್ಲ ನಾನು. ಅವನ ಮುಖ ನೋಡ್ಬೇಕು ಅನ್ನೋ ಆಸೆ ಇದೆ. ಬರ್ತೀನಿ.”

ಕೆಂಗೊನಿಗೆ ಹೇಳಿದಾಗ ಅವನು ಕುರ್ಚಿಯಿಂದ ಎದ್ದೇಬಿಟ್ಟ. “ಅವನನ್ನ ಯಾಕಕ್ಕ ಎಳೆದೆ? ಇದು ನನ್ನದು.”

“ನಿನ್ನೊಬ್ಬನದೇ ಅಲ್ಲ. ಅವನ ಕಿವಿ. ನನ್ನ ಇಪ್ಪತ್ತೆರಡು ವರ್ಷ. ಕೂತ್ಕೊ, ತಿನ್ನು.”

ಸೆಪ್ಟೆಂಬರಿನ ಕೊನೆಯ ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಆಟ. ಕ್ರೀಡಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರ ಕತ್ತಿನಲ್ಲೂ ತೊಕಿವಾನ ಹೆಸರಿನ ಬಿಳಿ ಟವೆಲು. ಮುದುಕಿಯರು ಅವನ ಚಿತ್ರವನ್ನು ಎದೆಗವಚಿಕೊಂಡು ಬಂದಿದ್ದರು. ನಾನೂ ಎಂದಿನ ನೀಲಿ ನಿಲುವಂಗಿ ಹಾಕಿಕೊಂಡು ಟ್ರಂಪೆಟ್ ಒರೆಸಿ ನಿಂತೆ. ದಳದಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ.

ಏಳನೆಯ ಇನ್ನಿಂಗ್ಸಿಗೆ ತೊಕಿವಾ ಚೆಂಡೆಸೆಯುವ ದಿಬ್ಬ ಹತ್ತಿದ. ಒಬ್ಬನೇ ಬ್ಯಾಟರನಿಗೆ ಎಸೆದು ಇಳಿಯುವುದು, ವಿದಾಯದ ಆಟದ ವಾಡಿಕೆ. ನಾನು ಎತ್ತಿಕೊಟ್ಟೆ, ಕೆಂಗೊ ಡೋಲು ಬಡಿದ, ಮೂವತ್ತು ಸಾವಿರ ಜನ ಹಾಡಿದರು. ಎದುರಾಳಿ ಮರ್ಯಾದೆಗಾಗಿ ಮೂರು ಸಲ ಗಾಳಿಗೇ ಬ್ಯಾಟು ಬೀಸಿ ಔಟಾಗಿ, ಟೋಪಿ ತೆಗೆದು ಹೋದ. ಜನ ಹುಚ್ಚೆದ್ದು ಕೂಗಿದರು.

ಪಕ್ಕಕ್ಕೆ ತಿರುಗಿದರೆ ಕೆಂಗೊನ ಗಡ್ಡ ಒದ್ದೆಯಾಗಿತ್ತು.

“ಏನೋ ಇದು?” ಎಂದು ಅವನ ತೋಳು ಹಿಡಿದೆ.

“ಗೊತ್ತಿಲ್ಲಕ್ಕ. ಹತ್ತೊಂಬತ್ತು ವರ್ಷ ಇವನ ಹೆಸರನ್ನೇ ಕೂಗಿದೀನಿ. ಗಂಟಲಿಗೆ ಬೇರೇನೂ ಗೊತ್ತಿಲ್ಲ.” ಸುತ್ತ ಅಳುತ್ತಿದ್ದ ಜನರನ್ನು ನೋಡಿದ. “ಇವರೆಲ್ಲಾ ಏನು ತಪ್ಪು ಮಾಡಿದಾರೆ? ಬಿಟ್ಬಿಡೋಣ್ವಾ?”

ನನಗೆ ಬಂದ ಸಿಟ್ಟಿಗೆ ಅವನ ಕೆನ್ನೆಗೆ ಹೊಡೆಯಬೇಕಿತ್ತು. “ಬಿಡೋದಾದ್ರೆ ಇಪ್ಪತ್ತು ವರ್ಷ ಮೊದ್ಲೇ ಬಿಟ್ಟು ಹೆಂಡ್ತಿ ಮಕ್ಕಳು ಅಂತ ಬದುಕ್ಬೇಕಿತ್ತು. ಈಗ ಬಿಟ್ರೆ ನಿನ್ನ ಹತ್ರ ಏನು ಉಳಿಯುತ್ತೋ?”

ಅವನು ಡೋಲಿನ ಕೋಲುಗಳನ್ನು ಮತ್ತೆ ಹಿಡಿದ. ನಾನು ಮಾಡಿದ್ದು ಸರಿಯೇ ಎಂದು ಈಗಲೂ ನನ್ನನ್ನು ನಾನು ಕೇಳಿಕೊಳ್ಳುವುದಿದೆ. ಆಗ ಕೇಳಿಕೊಳ್ಳಲಿಲ್ಲ.

ಆಟ ಮುಗಿಯಿತು. ಹೂ ಕೊಡುವ ಸಮಾರಂಭ. ದಳದ ನೀಲಿ ನಿಲುವಂಗಿ ತೊಟ್ಟ ಕುವಾಬಾರ ಹಳದಿ ಸೇವಂತಿಗೆಯ ದೊಡ್ಡ ಗುಚ್ಛ ಹೊತ್ತು ದಿಬ್ಬದತ್ತ ನಡೆದ. ದೊಡ್ಡ ಪರದೆಯಲ್ಲಿ ಇಬ್ಬರೂ ಕಂಡರು. ಈಗ ನೋಡುತ್ತಾನೆ, ಈಗ ಬಿಳಿಚಿಕೊಳ್ಳುತ್ತಾನೆ ಎಂದು ಕಾದೆ.

ತೊಕಿವಾ ನಕ್ಕ. ಎರಡೂ ಕೈಯಲ್ಲಿ ಹೂ ತೆಗೆದುಕೊಂಡ. ಏನೋ ಹೇಳಿದ, ಕುವಾಬಾರ ಏನೋ ಹೇಳಿದ, ತೊಕಿವಾ ಅವನ ಭುಜ ತಟ್ಟಿದ. ಅಷ್ಟೇ.

ಕುವಾಬಾರ ಗ್ಯಾಲರಿಗೆ ಹತ್ತಿ ಬಂದಾಗ ಅವನ ಮುಖ ಬೂದಿಯಾಗಿತ್ತು.

“ಏನಾಯ್ತು?” ಎಂದು ಕೆಂಗೊ ಕೇಳಿದ. ಇಪ್ಪತ್ತನಾಲ್ಕು ವರ್ಷದ ಮೇಲೆ ಅವರಿಬ್ಬರ ನಡುವೆ ಬಂದ ಮೊದಲ ಮಾತು.

“ಎಷ್ಟು ವರ್ಷದಿಂದ ನನ್ನ ಆಟ ನೋಡ್ತಿದೀರಾ ಅಂತ ಕೇಳ್ದ ಅಣ್ಣಾ. ಇಪ್ಪತ್ತನಾಲ್ಕು ವರ್ಷ ಅಂದೆ. ಕುವಾಬಾರ ಅಂತ ಹೆಸರೂ ಹೇಳ್ದೆ. ‘ಥ್ಯಾಂಕ್ಸ್ ಕುವಾಬಾರ ಅವರೇ, ನಿಮ್ಮಂಥೋರಿಂದಲೇ ನಾನು’ ಅಂದ.” “ಅವನಿಗೆ ನೆನಪೇ ಇಲ್ಲ” ಎಂದ.

ಕೆಂಗೊ ಕಣ್ಣೊರೆಸಿಕೊಂಡ. ಡೋಲಿನ ಕೋಲುಗಳನ್ನು ನೆಲದ ಮೇಲೆ ಜೋಡಿಸಿಟ್ಟ. ಅವನ ಮುಖದಲ್ಲಿ ಅನುಮಾನದ ಗೆರೆಯೂ ಉಳಿದಿರಲಿಲ್ಲ.

ಮೈದಾನದ ನಡುವೆ ತೊಕಿವಾ ಮೈಕಿನ ಮುಂದೆ ನಿಂತು ಭಾಷಣ ಶುರು ಮಾಡಿದ. ತರಬೇತುದಾರರಿಗೆ, ತಂದೆತಾಯಿಗೆ, ಹೆಂಡತಿಗೆ ವಂದನೆ. ಆಮೇಲೆ ದನಿ ತಗ್ಗಿಸಿದ. “ಇವತ್ತು ಒಬ್ಬನನ್ನು ನೆನೆಯಬೇಕು. ನನ್ನ ಹದಿನೇಳನೇ ವಯಸ್ಸಿನ ಕ್ಯಾಚರ್. ದಾರಿ ತಪ್ಪಿದ ಗೆಳೆಯ. ಎಲ್ಲಿದ್ದರೂ ಕೇಳು, ನಿನ್ನನ್ನು ನಾನು ಎಂದೋ ಕ್ಷಮಿಸಿದ್ದೇನೆ!”

ಸುತ್ತ ಬಿಕ್ಕಳಿಕೆ ಎದ್ದಿತು. ನನ್ನ ಪಕ್ಕದ ಹೆಂಗಸು ಟವೆಲಿನಲ್ಲಿ ಮುಖ ಮುಚ್ಚಿಕೊಂಡಳು. ಕೆಂಗೊ ಒಂದು ಸಲ ಗಟ್ಟಿಯಾಗಿ ಉಸಿರು ಬಿಟ್ಟ. ನಗು ಬಂದಿತೋ ಏನೋ.

ಆಮೇಲೆ ಕೊನೆಯ ಸುತ್ತು. ಹೂ ಹಿಡಿದು ತೊಕಿವಾ ಮೂರನೆಯ ಬೇಸಿನ ಕಡೆಯಿಂದ ನಡೆಯತೊಡಗಿದ. ಹತ್ತು ಹೆಜ್ಜೆಗೊಮ್ಮೆ ನಿಂತು ತಲೆಬಾಗುವುದು, ಕೈ ಬೀಸುವುದು. ಎಡ ಗ್ಯಾಲರಿ ಮುಗಿಯಿತು, ನಡು ಮೈದಾನ ಮುಗಿಯಿತು. ನಮ್ಮ ಮುಂದೆ ಬಂದು ನಿಂತ. ಇಲ್ಲಿ ಅವನ ಹಾಡನ್ನು ಮೂರು ಸಲ ಹಾಡಬೇಕು. ಜನ ಎಲ್ಲ ಎದ್ದು ಟವೆಲು ಎತ್ತಿ, ನನ್ನ ಟ್ರಂಪೆಟ್ಟಿಗಾಗಿ ಕಾದರು.

ಕೆಂಗೊ ಕಟ್ಟೆಯ ಮೇಲೆ ಹತ್ತಿ ಕೈಮೈಕು ಬಾಯಿಗಿಟ್ಟ.

“ತೊಕಿವಾ! ನಾನು ನಿನ್ನ ಕ್ಯಾಚರ್ ಕೆಂಗೊ. ಎಲ್ಲಿದ್ರೂ ಕೇಳು ಅಂದ್ಯಲ್ಲ, ಇಲ್ಲೇ ಇದೀನಿ. ನೀನು ಕೇಳು ಈಗ. ಕುವಾಬಾರನ ಕಿವಿಗೆ ಹೊಡೆದೋರು ಯಾರು?”

ಗ್ಯಾಲರಿ ಒಂದು ಕ್ಷಣ ಬೆಪ್ಪಾಯಿತು. ತಮಾಷೆಯೆಂದುಕೊಂಡು ಒಂದಿಬ್ಬರು ನಕ್ಕರು. ಕೆಂಗೊ ಎರಡನೆಯ ಸಲ ಕೇಳಿದ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ.

“ಕುವಾಬಾರನ ಕಿವಿಗೆ ಹೊಡೆದೋರು ಯಾರು?”

ಆಗ ಶುರುವಾಯಿತು. “ಇಳಿಯೋ ಕೆಳಗೆ!” “ಕುಡಿದಿದಾನೆ, ಹಿಡ್ಕೊಳ್ರೋ!” “ನಾಚಿಕೆ ಆಗಲ್ವಾ ನಿಂಗೆ!” ತಾಳ ಹಾಕುವ ಪ್ಲಾಸ್ಟಿಕ್ ಬ್ಯಾಟುಗಳು ಹಾರಿ ಬಂದವು. ನೀರಿನ ಬಾಟಲಿಯೊಂದು ಅವನ ಹಣೆಗೆ ಬಡಿಯಿತು. ಅವನು ಮೈಕು ಇಳಿಸಿದನೇ ಹೊರತು ಕಟ್ಟೆಯಿಂದ ಇಳಿಯಲಿಲ್ಲ. ಕುವಾಬಾರ ತಾನೂ ಹತ್ತಿ ಅವನ ಪಕ್ಕ ನಿಂತ. ಟೋಪಿ ತೆಗೆದು, ಕೆಳಗೆ ನಿಂತವನಿಗೆ ಕಾಣುವ ಹಾಗೆ ಎಡಕಿವಿಯನ್ನು ತಿರುಗಿಸಿದ. ಬಾಯಿ ಬಿಡಲಿಲ್ಲ. ಅಭಿಮಾನದ ದೃಶ್ಯವೆಂದುಕೊಂಡನೋ ಏನೋ, ಕ್ಯಾಮೆರಾದವನು ಅದನ್ನೇ ದೊಡ್ಡ ಪರದೆಗೆ ಹಾಕಿದ. ಮುದುಡಿಹೋದ ಆ ಕಿವಿ ಮನೆಯಷ್ಟು ದೊಡ್ಡದಾಗಿ ಕಂಡಿತು. ಮರುಕ್ಷಣ ಪರದೆಯಲ್ಲಿ ತೊಕಿವಾನ ಮುಖ.

ಆಗ ಗುರುತು ಹತ್ತಿತು ಅವನಿಗೆ. ಅದನ್ನು ನಾನು ನೋಡಿದೆ. ನಗು ಮುಖದಲ್ಲೇ ಉಳಿದು, ಕಣ್ಣು ಮಾತ್ರ ಬೇರೆಯವರದಾಯಿತು.

ಕೂಗುತ್ತಿದ್ದ ಜನ ತಾವಾಗಿ ತಣ್ಣಗಾದರು. ಅವನು ಅಲ್ಲವೆನ್ನಲಿ ಎಂದು ಕಾಯುತ್ತಿದ್ದರು. ಕೈ ಆಡಿಸಿ ಅಲ್ಲ ಎಂದಿದ್ದರೂ ಸಾಕಿತ್ತು, ನಮ್ಮ ಮೂವರನ್ನೂ ಅಲ್ಲೇ ಹೊಸಕಿಹಾಕುತ್ತಿದ್ದರು. ಅವನು ಅಲ್ಲವೆನ್ನಲಿಲ್ಲ. ಬಲಗೈ ಎತ್ತಿ ಗಾಳಿಯಲ್ಲಿ ಸುತ್ತಿಸಿದ. ಹಾಡಿ, ಹಾಡು ಶುರು ಮಾಡಿ ಎಂದು ಅವನು ಯಾವಾಗಲೂ ಮಾಡುವ ಸನ್ನೆ.

ಎಲ್ಲರೂ ನನ್ನತ್ತ ತಿರುಗಿದರು.

“ಊದಮ್ಮಾ!” ಎಂದ ಹಮಾನೊ, ಬಾವುಟದ ಕೋಲಿಗೆ ಜೋತುಬಿದ್ದು. “ದಮ್ಮಯ್ಯಾ ಊದು! ಹೀಗೆ ಕಳಿಸ್ಬೇಡ ಅವನನ್ನ!”

ನಾನು ತೊಕಿವಾನನ್ನೇ ನೋಡುತ್ತ ಟ್ರಂಪೆಟ್ಟಿನ ಊದುವ ತುದಿಯನ್ನು ಕಿತ್ತೆ. ಅವನಿಗೆ ಕಾಣಲೆಂದು ಮೇಲೆತ್ತಿ ಹಿಡಿದೆ. ಆಮೇಲೆ ಜೇಬಿಗೆ ಹಾಕಿಕೊಂಡೆ.

“ಊದಲ್ಲ” ಎಂದೆ.

ಮೇಲಿನ ಸಾಲಿನಲ್ಲಿ ಯಾರೋ ಬರಿಬಾಯಲ್ಲಿ ಹಾಡತೊಡಗಿದರು. ಹತ್ತಿಪ್ಪತ್ತು ದನಿ ಸೇರಿತು. ಶ್ರುತಿ ಸಿಗದೆ, ತಾಳ ಸಿಗದೆ ಎರಡನೆಯ ಸಾಲಿಗೇ ಅದು ಅಡಗಿತು. ಆ ಮೌನದಲ್ಲಿ ತೊಕಿವಾ ಇನ್ನೂ ಎರಡು ಸಲ ಕೈ ಸುತ್ತಿಸಿದ. ಆಮೇಲೆ ಕೈ ಇಳಿಸಿ, ಹುಲ್ಲಿನ ಮೇಲೆ ನೇರ ಅಡ್ಡ ಹಾಯ್ದು, ತಲೆ ಎತ್ತದೆ ಆಟಗಾರರ ಬಾಗಿಲಿನೊಳಗೆ ಹೋಗಿಬಿಟ್ಟ. ಮೊದಲ ಬೇಸಿನ ಕಡೆಯವರು ಟವೆಲು ಹಿಡಿದು ನಿಂತೇ ಇದ್ದರು. ಅವರ ಮುಂದೆ ಅವನು ಬರಲೇ ಇಲ್ಲ. ಕಾಲು ಸುತ್ತು ಹಾಗೇ ಉಳಿಯಿತು. ಇದಕ್ಕಿಂತ ಗಟ್ಟಿಯಾಗಿ ಅವನು ಉತ್ತರ ಹೇಳುವುದು ಸಾಧ್ಯವಿರಲಿಲ್ಲ.

ಕೆಂಗೊ ಹಣೆಯ ರಕ್ತ ಒರೆಸಿಕೊಂಡು, “ಮುಗೀತು” ಎಂದ.

ಮುಗಿಯಲಿಲ್ಲ. ಪತ್ರಿಕೆಯವರು ದ್ವೀಪಕ್ಕೆ ಹೋದರು, ಕುವಾಬಾರ ಕೇಳಿದ್ದಕ್ಕೆಲ್ಲ ಉತ್ತರ ಹೇಳಿದ. ಹಳೆಯ ತಂಡದ ಇನ್ನಿಬ್ಬರು ಬಾಯಿ ಬಿಟ್ಟರು. ಮೂರನೆಯ ದಿನ ತೊಕಿವಾ ಒಂದು ಪುಟದ ಹೇಳಿಕೆ ಕೊಟ್ಟ. ಯೌವನದ ಅಪಕ್ವತೆ, ಸಂಬಂಧಪಟ್ಟವರಿಗೆ ನೋವಾಗಿದ್ದರೆ ವಿಷಾದ, ಅಂಥವು. ಟೀವಿಯಲ್ಲಿ ಅವನಿಗೆಂದು ಕಾದಿದ್ದ ವಿಶ್ಲೇಷಕನ ಕುರ್ಚಿ ಇನ್ನೊಬ್ಬರಿಗೆ ಹೋಯಿತು. ಮಕ್ಕಳಿಗೆ ಚೆಂಡೆಸೆತ ಹೇಳಿಕೊಡುವ ಅವನ ಶಿಬಿರಕ್ಕೆ ತಾಯಂದಿರು ಮಕ್ಕಳನ್ನು ಕಳಿಸಲಿಲ್ಲ. ಇದೆಲ್ಲ ಓದುವಾಗ ನನಗೆ ಹೊಟ್ಟೆ ತುಂಬ ಉಂಡಷ್ಟು ಹಿತವಾಗುತ್ತಿತ್ತು. ಸುಳ್ಳು ಹೇಳಿ ಏನು ಪ್ರಯೋಜನ.

ಊರು ನಮ್ಮನ್ನೂ ಬಿಡಲಿಲ್ಲ. ನಿಜ ಹೇಳಿದ್ದು ಸರಿ, ಆದರೆ ಆ ದಿನವೇ ಹೇಳಬೇಕಿತ್ತೇ ಎಂದು ಎಲ್ಲರ ದೂರು. ಅಂಗಡಿಯ ಗಾಜಿನ ಮೇಲೆ ‘ವಿದಾಯ ಕದ್ದ ಕಳ್ಳಿ’ ಎಂದು ಯಾರೋ ಕೆಂಪು ಬಣ್ಣದಲ್ಲಿ ಬರೆದರು. ದಳದವರು ನನ್ನ ಅಂಗಡಿಯಲ್ಲೇ ಕೂತು ಕೆಂಗೊನನ್ನೂ ನನ್ನನ್ನೂ ತೆಗೆದುಹಾಕಬೇಕೆಂದು ತೀರ್ಮಾನಿಸಿದರು. ಹಮಾನೊ ಕಣ್ಣೀರು ಹಾಕುತ್ತಲೇ ಕೈ ಎತ್ತಿದ.

“ಒಳ್ಳೇದಾಯ್ತು” ಎಂದ ಕೆಂಗೊ. “ನಿಜ ಹೇಳ್ಬೇಕಂದ್ರೆ ನಂಗೆ ಈ ತಂಡ ಅಷ್ಟೇನೂ ಇಷ್ಟ ಇರ್ಲಿಲ್ಲ.”

“ಪಶ್ಚಾತ್ತಾಪ ಇಲ್ವೇನೋ ನಿಂಗೆ?” ಎಂದು ಹಮಾನೊ ಕೇಳಿದ.

“ಇಲ್ಲ. ಈಗ ಚೆನ್ನಾಗಿ ನಿದ್ದೆ ಬರ್ತಿದೆ.”

ಅವನು ಆ ತಿಂಗಳೇ ಪಕ್ಕದ ಬಂದರಿಗೆ ಕೆಲಸ ಬದಲಾಯಿಸಿಕೊಂಡು ಹೋದ.

ಡಿಸೆಂಬರಿನ ಒಂದು ಮಧ್ಯಾಹ್ನ ಮೂರು ಗಂಟೆಗೆ, ಅಂಗಡಿ ಮುಚ್ಚಿರುವ ಹೊತ್ತಿನಲ್ಲಿ, ಯಾರೋ ಗಾಜು ತಟ್ಟಿದರು. ತೆರೆದರೆ ತೊಕಿವಾ. ಉದ್ದನೆಯ ಕೋಟು, ಕೈಯಲ್ಲಿ ಸಿಹಿಯ ಪೊಟ್ಟಣ. ಅಷ್ಟು ಹತ್ತಿರದಿಂದ ಅವನನ್ನು ನಾನು ನೋಡಿಯೇ ಇರಲಿಲ್ಲ. ಇಷ್ಟೇ ಎತ್ತರವೇ ಎನಿಸಿತು.

“ಕೆಂಗೊನ ವಿಳಾಸ ಬೇಕಿತ್ತು ಅಮ್ಮಾ” ಎಂದ. “ಹಡಗಿನ ಅಂಗಳದಲ್ಲಿ ಕೇಳ್ದೆ, ಹೇಳ್ಲಿಲ್ಲ. ಎದುರಿಗೆ ನಿಂತು ಕ್ಷಮೆ ಕೇಳ್ಬೇಕು ನಾನು.”

“ಟೀವಿಯವರನ್ನೂ ಕರ್ಕೊಂಡು ಬಂದಿದೀರಾ?”

“ಇಲ್ಲ. ಒಬ್ಬನೇ.” ಅವನ ತುಟಿ ಒಡೆದಿತ್ತು. “ನಿದ್ದೆ ಬರ್ತಿಲ್ಲ. ಹೆಂಡ್ತಿ ತವರಿಗೆ ಹೋಗಿದಾಳೆ. ಒಂದ್ಸಲ ಅವನ ಜೊತೆ ಮಾತಾಡ್ಬಿಟ್ರೆ...”

ನಾನು ಬಾಗಿಲಲ್ಲೇ ಅವನನ್ನು ನಿಲ್ಲಿಸಿ ಕೆಂಗೊನಿಗೆ ಫೋನ್ ಹಚ್ಚಿದೆ. ಆ ಕಡೆ ವೆಲ್ಡಿಂಗಿನ ಸದ್ದು. ವಿಷಯ ಹೇಳಿದೆ. ಅವನು ಸದ್ದಿನಿಂದ ದೂರಕ್ಕೆ ನಡೆದು ಬಂದ.

“ಕ್ಷಮೆ ಕೇಳಿ ಹಗುರ ಆಗೋಕೆ ಬಂದಿದಾನೆ” ಎಂದ ಆಮೇಲೆ. “ಬೇಡಕ್ಕ. ಹೊತ್ಕೊಂಡೇ ಇರ್ಲಿ. ಒಂದು ಇಪ್ಪತ್ತನಾಲ್ಕು ವರ್ಷ ಹೊತ್ಕೊಂಡು ಆಮೇಲೆ ಬರೋಕೆ ಹೇಳು, ಆಗ ನೋಡೋಣ.”

ಇದ್ದದ್ದನ್ನು ಇದ್ದ ಹಾಗೆ ತೊಕಿವಾನಿಗೆ ಹೇಳಿದೆ. ಅವನು ಪೊಟ್ಟಣ ನನ್ನತ್ತ ಚಾಚಿದ. ನಾನು ಕೈ ನೀಡಲಿಲ್ಲ.

“ಮನಸ್ಸು ಬದಲಾಯಿಸ್ಬಹುದು. ನಾನು ಕಾಯ್ತೀನಿ” ಎಂದ.

“ಕಾಯಿರಿ. ಹೊರಗೆ.”

ಬಾಗಿಲೆಳೆದೆ. ಸಂಜೆ ಐದಕ್ಕೆ ದೀಪ ಹಾಕಿ ಬಾಗಿಲು ತೆರೆದಾಗ ಅವನು ಇನ್ನೂ ಅಲ್ಲೇ ಇದ್ದ. ಭುಜದ ಮೇಲೆ ಸಣ್ಣಗೆ ಹಿಮ ಕೂತಿತ್ತು. ಮೊದಲ ಗಿರಾಕಿಗಳಾಗಿ ಬಂದ ಗಂಡಹೆಂಡತಿ ಅವನನ್ನು ಗುರುತಿಸಿದರು. ಗಂಡ ಏನೋ ಹೇಳಲು ಬಾಯಿ ತೆರೆದ, ಹೆಂಡತಿ ಅವನ ತೋಳು ಹಿಡಿದು ಒಳಗೆಳೆದುಕೊಂಡಳು. ಬೀಸುವ ಗಾಳಿ ಒಳಗೆ ಬರದ ಹಾಗೆ ಬಾಗಿಲನ್ನೂ ಅವಳೇ ಮುಚ್ಚಿದಳು.

ನನಗೆ ಅಯ್ಯೋ ಎನಿಸಬೇಕಿತ್ತೇನೋ. ಎನಿಸಲಿಲ್ಲ. ತಿನ್ನಲು ಏನು ಬೇಕೆಂದು ಒಳಗೆ ಬಂದವರನ್ನು ಕೇಳಿದೆ.